ದುಬೈಗೆ ಹೊರಟವರಿಗೆ: ಮೊದಲು ಬಡ್ಡಿ ನೋಡಿ, ಆಮೇಲೆ ರೇಟ್

ಹುಮನಾಬಾದ್, ಬಸವಕಲ್ಯಾಣ ಕಡೆಯಿಂದ ದುಬೈಗೆ ಹೊರಟ ಹುಡುಗರು ನನಗೆ ಫೋನ್ ಮಾಡಿದರೆ ಮೊದಲು ಕೇಳೋದು, "ಅಣ್ಣಾ, ದಿರ್ಹಮ್ ರೇಟ್ ಎಷ್ಟು ನಡೀತಿದೆ?" ಅಂತ. ನಾನು ಕೇಳೋದು ಬೇರೆ. ಈ ಪ್ರಯಾಣಕ್ಕೆ ಅಂತ ಸಾಲ ಎಷ್ಟು ಮಾಡಿದ್ದೀರಿ? ಬಡ್ಡಿ ನೂರಕ್ಕೆ ಎಷ್ಟು? ಇಲ್ಲಿ ದುಬೈನ ಒಂದು ಕಟ್ಟಡ ಕಂಪನಿಯಲ್ಲಿ ಹಾಜರಿ ಮತ್ತು ಸಂಬಳದ ಲೆಕ್ಕ ನೋಡೋದು ನನ್ನ ಕೆಲಸ. ನಮ್ಮ ಹುಡುಗರ ರೊಕ್ಕ ಎಲ್ಲೆಲ್ಲಿ ಸೋರಿ ಹೋಗುತ್ತೆ ಅಂತ ದಿನಾ ನೋಡುತ್ತೇನೆ, ಹೊಟ್ಟೆ ಉರಿಯುತ್ತೆ.

ಏಜೆಂಟ್‌ನಿಂದಲೇ ಶುರು ಮಾಡೋಣ. ನಮ್ಮ ಸರ್ಕಾರದ ಲೈಸೆನ್ಸ್ ಇರುವ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಮೇಲೆ 18% ಜಿಎಸ್‌ಟಿ. ಒಟ್ಟು 35,400. ಲೈಸೆನ್ಸ್ ಇದೆಯೋ ಇಲ್ಲವೋ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಕೆಲಸದ ವೀಸಾದ ಖರ್ಚು ಯುಎಇ ಕಾನೂನಿನ ಪ್ರಕಾರ ಕಂಪನಿಯದ್ದು, ನಿಮ್ಮದಲ್ಲ. ಒಂದು ಲಕ್ಷ, ಒಂದೂವರೆ ಲಕ್ಷ ಕೇಳುವವನ ಮುಂದೆ ಎದ್ದು ಬನ್ನಿ. ಕೊಡೋದನ್ನೂ ಬ್ಯಾಂಕ್ ಮೂಲಕ ಕೊಡಿ, ರಸೀದಿ ಇಟ್ಟುಕೊಳ್ಳಿ.

ಬ್ಯಾಂಕಿನ ಕೆಲಸ ಊರಲ್ಲಿದ್ದಾಗಲೇ ಮುಗಿಸಿ. ಕೆಲಸಕ್ಕೆ ಅಂತ ದೇಶ ಬಿಟ್ಟ ಮೇಲೆ ಈಗಿರುವ ಉಳಿತಾಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ, ಎನ್‌ಆರ್‌ಓ ಖಾತೆಯಾಗಿ (ಹೊರದೇಶದಲ್ಲಿರುವವರು ಊರಿನ ಆದಾಯಕ್ಕೆ ಇಡೋ ಖಾತೆ) ಬದಲಿಸಬೇಕು. ಹೊಲದ ಸೋಯಾ ಮಾರಿದ ಹಣ, ಮನೆ ಬಾಡಿಗೆ ಎಲ್ಲಾ ಅದಕ್ಕೆ ಬರಲಿ. ಇಲ್ಲಿ ದುಡಿದು ಉಳಿಸಿದ್ದಕ್ಕೆ ಎನ್‌ಆರ್‌ಇ ಖಾತೆ (ಹೊರದೇಶದ ದುಡಿಮೆ ಇಡೋ ಖಾತೆ) ಬೇರೆ ಮಾಡಿಸಿ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಓ ಬಡ್ಡಿಯಲ್ಲಿ 30% ಟಿಡಿಎಸ್ (ಬ್ಯಾಂಕೇ ಮೊದಲು ಹಿಡಿದುಕೊಳ್ಳೋ ತೆರಿಗೆ), ಮೇಲೆ ಸೆಸ್ ಕಡಿಯುತ್ತಾರೆ. ಮನೆ ಖರ್ಚಿಗೆ ಕಳಿಸೋ ಹಣ ಹೆಂಡತಿ ಅಥವಾ ಅವ್ವನ ಸ್ವಂತ ಖಾತೆಗೇ ಹೋಗಲಿ. ಎರಡೂ ಒಂದೇ ಖಾತೆಯಲ್ಲಿ ಬಿದ್ದರೆ ಉಳಿತಾಯ ಯಾವುದು, ರೇಷನ್ ಖರ್ಚು ಯಾವುದು ಗೊತ್ತಾಗೋದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಹಳ ಜನರ ಕನಸು ನಾಲ್ಕು ಎಕರೆ ಹೊಲ ತೆಗೆದುಕೊಳ್ಳೋದು. ಹೊರಗೆ ಇರುವಾಗ ನಿಮ್ಮ ಹೆಸರಲ್ಲಿ ಕೃಷಿ ಜಮೀನು ಕೊಳ್ಳೋಕೆ ಫೆಮಾ (ವಿದೇಶಿ ವಿನಿಮಯದ ಕಾಯ್ದೆ) ನಿಯಮ ಬಿಡೋದಿಲ್ಲ. ಅಪ್ಪ, ಅಜ್ಜನಿಂದ ಬಂದ ಹೊಲ ಇಟ್ಟುಕೊಳ್ಳಬಹುದು. ಮುಂಗಡ ಕೊಡೋ ಮೊದಲು ಇದು ಗೊತ್ತಿರಲಿ.

ಫೋನ್ ನಂಬರ್ ಬದಲಿಸಬೇಡಿ. ಬ್ಯಾಂಕಿಗೆ ಕೊಟ್ಟ ನಂಬರಿಗೇ ಓಟಿಪಿ ಬರೋದು. ಹೊರಡೋ ಮೊದಲು ರೋಮಿಂಗ್ ಚಾಲೂ ಮಾಡಿಸಿ. ಇಲ್ಲಿಗೆ ಬಂದ ಮೇಲೂ ರೀಚಾರ್ಜ್ ತಪ್ಪಿಸಬೇಡಿ.

ಕೈಯಲ್ಲಿ ಎಷ್ಟು ತರಬೇಕು? ಮೊದಲ ಸಂಬಳ ಕೈಗೆ ಬರೋವರೆಗೆ ಊಟ, ಸಿಮ್, ಬಸ್ಸಿಗೆ ಆಗುವಷ್ಟು ದಿರ್ಹಮ್ ಇರಲಿ. ಹೇಗೂ ಹೈದರಾಬಾದ್ ಮೇಲೇ ಹೋಗಬೇಕಲ್ವಾ, ಊರೊಳಗೇ ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವ ಮನಿ ಎಕ್ಸ್‌ಚೇಂಜ್‌ಗಳಲ್ಲಿ ಎರಡು ಮೂರು ಕಡೆ ವಿಚಾರಿಸಿ. ಶಂಶಾಬಾದ್ ಏರ್‌ಪೋರ್ಟ್ ಒಳಗಿನ ಕೌಂಟರ್‌ಗೆ ಬಿಡಬೇಡಿ, ಅಲ್ಲಿ ರೇಟ್ ದುಬಾರಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಕೇಳುತ್ತಾರೆ. 10, 20, 50ರ ನೋಟು ಕೇಳಿ ತೆಗೆದುಕೊಳ್ಳಿ. ಬಿಲ್ ಇಲ್ಲದೆ ಹೊರಗೆ ಬರಬೇಡಿ. ಭಾರತದ ರೂಪಾಯಿ ಜೇಬಲ್ಲಿ 25,000ದವರೆಗೆ ಒಯ್ಯಬಹುದು, ಆದರೆ ಇಲ್ಲಿ ಅದನ್ನು ಬದಲಿಸಿದರೆ ನಷ್ಟವೇ ಜಾಸ್ತಿ.

ಈಗ ಸಂಬಳ ಬಂದಿದೆ ಅಂದುಕೊಳ್ಳಿ. ಎಕ್ಸ್‌ಚೇಂಜ್ ಕೌಂಟರಿನ ಮುಂದೆ ನಿಂತಿದ್ದೀರಿ. ಬೋರ್ಡ್ ಮೇಲಿನ ರೇಟ್ ಒಂದನ್ನೇ ನೋಡಬೇಡಿ, ಫೀ ಒಂದನ್ನೇ ನೋಡಬೇಡಿ. "ಇಷ್ಟು ದಿರ್ಹಮ್ ಕೊಟ್ಟರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತೆ?" ಅಂತ ಕೇಳಿ. ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಒಂದು ಅಂಗಡಿಯಲ್ಲಿ ರೇಟ್ 24.10, ಫೀ 20 ದಿರ್ಹಮ್. ಪಕ್ಕದಲ್ಲಿ ರೇಟ್ 24.20, ಫೀ 23. ನಿಮ್ಮ ಹತ್ತಿರ ಫೀ ಸೇರಿ 1,500 ದಿರ್ಹಮ್ ಇದೆ. ಮೊದಲ ಅಂಗಡಿಯಿಂದ 35,668 ರೂಪಾಯಿ ಹೋಗುತ್ತೆ, ಎರಡನೆಯದರಿಂದ 35,743. ಫೀ ಜಾಸ್ತಿ ಇದ್ದರೂ ಎರಡನೆಯದೇ ಲಾಭ. ಅದೇ ಬರೀ 300 ದಿರ್ಹಮ್ ಕಳಿಸಿದರೆ ಮೊದಲನೆಯದು 6,748, ಎರಡನೆಯದು 6,703. ಲೆಕ್ಕ ತಿರುಗಿಬಿತ್ತು. ಅದಕ್ಕೇ ವಾರವಾರ ಚಿಲ್ಲರೆ ಕಳಿಸಬೇಡಿ, ಪ್ರತಿ ಸಲ ಫೀ ಕಡಿಯುತ್ತೆ. ತಿಂಗಳಿಗೆ ಒಂದೇ ಸಲ ಕಳಿಸಿ.

ರೇಟ್ ಏರಲಿ ಅಂತ ಕಾಯೋದರ ಬಗ್ಗೆ ನನಗೆ ಬಹಳ ಹೇಳೋದಿದೆ. ದಿರ್ಹಮ್ 1997ರಿಂದ ಡಾಲರಿಗೆ ಕಟ್ಟಿಹಾಕಿದ ನಾಣ್ಯ. ಒಂದು ಡಾಲರಿಗೆ 3.6725 ದಿರ್ಹಮ್, ಅದು ಅಲುಗಾಡೋದಿಲ್ಲ. ನೀವು ನೋಡೋ ಏರಿಳಿತ ಎಲ್ಲಾ ಡಾಲರ್ ಎದುರು ರೂಪಾಯಿಯದ್ದು. ಕ್ಯಾಂಪಿನಲ್ಲಿ (ಕೆಲಸಗಾರರ ವಸತಿಯಲ್ಲಿ) ಕೂತು ಅದನ್ನು ಊಹಿಸೋಕೆ ನಿಮಗೂ ಆಗೋದಿಲ್ಲ, ನನಗೂ ಆಗೋದಿಲ್ಲ. ಈಗ ಬಡ್ಡಿ ಲೆಕ್ಕ ನೋಡಿ. ಊರಲ್ಲಿ ನೂರಕ್ಕೆ ಮೂರರಂತೆ ಒಂದು ಲಕ್ಷ ಸಾಲ ಇದ್ದರೆ ತಿಂಗಳಿಗೆ 3,000, ಅಂದರೆ ದಿನಕ್ಕೆ 100 ರೂಪಾಯಿ. ರೇಟ್ 20 ಪೈಸೆ ಏರಿದರೆ 1,500 ದಿರ್ಹಮ್‌ಗೆ ಸಿಗೋದು 300 ರೂಪಾಯಿ. ಮೂರು ದಿನದ ಬಡ್ಡಿ ಅಷ್ಟೇ. ನಮ್ಮ ಹುಡುಗರು ಹದಿನೈದು ದಿನ ಕಾಯುತ್ತಾರೆ! ಸಂಬಳ ಬಂದ ವಾರವೇ ಕಳಿಸಿ. ಸಾಲ ತೀರುವವರೆಗೆ ಹೊಸ ಫೋನ್, ಬಂಗಾರ ಎಲ್ಲಾ ಪಕ್ಕಕ್ಕಿಡಿ. ಬಡ್ಡಿ ಮಾತ್ರ ಕಟ್ಟುತ್ತಾ ಹೋಗಬೇಡಿ, ಅಸಲಿಗೂ ಕೊಡಿ. ಕೊಟ್ಟಿದ್ದನ್ನು ಸಾಹುಕಾರನ ವಹಿಯಲ್ಲಿ ಬರೆಸಿ, ಮನೆಯವರು ಅದರ ಫೋಟೋ ತೆಗೆದುಕೊಳ್ಳಲಿ.

ಸಂಬಳದ ಕಾರ್ಡಿನ ಪಿನ್ ರೂಮಿನವರಿಗೂ ಹೇಳಬೇಡಿ. ಒಬ್ಬನೇ ಎಲ್ಲರ ಕಾರ್ಡ್ ತೆಗೆದುಕೊಂಡು ಎಟಿಎಂಗೆ ಹೋಗಿ ಬರೋ ಪದ್ಧತಿ ಕೆಲವು ಕ್ಯಾಂಪಿನಲ್ಲಿದೆ. ನಿಮ್ಮ ಕಾರ್ಡ್ ಅದರಲ್ಲಿ ಸೇರದಿರಲಿ.

"ಹುಂಡಿಯಲ್ಲಿ ಕೊಡು, ರೇಟ್ ಜಾಸ್ತಿ, ಸಂಜೆಯೊಳಗೆ ಮನೆಗೆ ಮುಟ್ಟುತ್ತೆ" ಅಂತ ಹೇಳುವವರು ಸಿಕ್ಕೇ ಸಿಗುತ್ತಾರೆ. ಹುಂಡಿ ಅಂದರೆ ಬ್ಯಾಂಕ್, ಎಕ್ಸ್‌ಚೇಂಜ್ ಬಿಟ್ಟು ಖಾಸಗಿಯವರ ಕೈಯಿಂದ ಹಣ ಕಳಿಸೋದು. ಬೇಡ. ಫೆಮಾ ಕಾಯ್ದೆ ಪ್ರಕಾರ ಅದು ತಪ್ಪು. ಕಾನೂನು ಬಿಡಿ, ಯಾರದೋ ಅಪರಿಚಿತ ಖಾತೆಯಿಂದ ನಿಮ್ಮ ಮನೆಯವರ ಖಾತೆಗೆ ಹಣ ಬೀಳುತ್ತೆ. ಅದು ಮೋಸದ ಹಣವಾಗಿದ್ದರೆ ಪೊಲೀಸರು ಖಾತೆ ಫ್ರೀಜ್ ಮಾಡಿಸುತ್ತಾರೆ. ಆಮೇಲೆ ನಿಮ್ಮ ಅವ್ವ ಬ್ಯಾಂಕಿನಿಂದ ಠಾಣೆಗೆ, ಠಾಣೆಯಿಂದ ಬ್ಯಾಂಕಿಗೆ ಅಲೆಯಬೇಕು. ನೀವು ಬೆವರು ಸುರಿಸಿ ದುಡಿದದ್ದು ಅಂತ ತೋರಿಸೋಕೆ ಕೈಯಲ್ಲಿ ಒಂದು ಚೀಟಿಯೂ ಇರೋದಿಲ್ಲ.

ಎಕ್ಸ್‌ಚೇಂಜ್ ಅಥವಾ ಬ್ಯಾಂಕ್ ಆ್ಯಪ್‌ನಿಂದ ಕಳಿಸಿದಾಗ ಸ್ಲಿಪ್ ಬರುತ್ತೆ. ಕೌಂಟರ್ ಬಿಡೋ ಮೊದಲೇ ಹೆಸರು, ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್ ಓದಿಕೊಳ್ಳಿ, ಫೋಟೋ ತೆಗೆದು ಮನೆಗೆ ಕಳಿಸಿ. ವರ್ಷದ ಸ್ಲಿಪ್‌ಗಳನ್ನು ಒಂದೇ ಕವರಿನಲ್ಲಿ ಹಾಕಿಡಿ. ಮುಂದೆ ಮನೆ ಕಟ್ಟುವಾಗಲೋ ಸೈಟ್ ಕೊಳ್ಳುವಾಗಲೋ ಹಣ ಎಲ್ಲಿಂದ ಬಂತು ಅಂತ ಬ್ಯಾಂಕಿನವರು ಕೇಳಿದರೆ ಆ ಕವರ್ ಮುಂದಿಡಬಹುದು.