ಕೆಲಸಕ್ಕೂ ಗೇಮಿಗೂ ಒಂದೇ ಕಂಪ್ಯೂಟರ್: ಭಾಗಗಳನ್ನು ನಾನು ಆರಿಸಿದ ಬಗೆ

ಹಗಲು ಡಾವಿಂಚಿ ರಿಸಾಲ್ವ್‌ನಲ್ಲಿ 4ಕೆ ವಿಡಿಯೊ ಎಡಿಟಿಂಗ್, ನಡುವೆ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರ್, ರಾತ್ರಿ 1440ಪಿ ಮಾನಿಟರಿನಲ್ಲಿ ಗೇಮ್. ಮೂರಕ್ಕೂ ಒಂದೇ ಯಂತ್ರ ಬೇಕಿತ್ತು. ಭಾಗಗಳನ್ನು ಬಿಡಿಬಿಡಿಯಾಗಿ ಆರಿಸಿದರೆ ಪ್ರತಿಯೊಂದೂ ಚೆನ್ನಾಗಿಯೇ ಇರುತ್ತದೆ, ಒಟ್ಟಿಗೆ ಕೂಡಿಸಿದಾಗ ಜಗಳ ಶುರುವಾಗುತ್ತದೆ. ಹಾಗಾಗಿ ಜೋಡಿಜೋಡಿಯಾಗಿ ನೋಡಿದೆ: ರ್‍ಯಾಮ್ ಜೊತೆ ಪ್ರೊಸೆಸರ್, ಎಸ್‌ಎಸ್‌ಡಿ ಜೊತೆ ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಜೊತೆ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಮತ್ತು ಕ್ಯಾಬಿನೆಟ್, ಎಸ್‌ಎಂಪಿಎಸ್ ಜೊತೆ ಗೋಡೆಯ ಪ್ಲಗ್ ಪಾಯಿಂಟ್.

ಮೊದಲು ಗ್ರಾಫಿಕ್ಸ್ ಕಾರ್ಡ್. ಬಜೆಟ್ಟಿನ ದೊಡ್ಡ ಪಾಲು ಹೋಗುವುದು ಅದಕ್ಕೇ. ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 4090, ಹೊಸ 5080, ಹೊಸ 5090 – ಈ ಮೂರನ್ನು ತೂಗಿ ನೋಡಿದೆ. 4090ಕ್ಕೆ 24 ಜಿಬಿ ಮೆಮೊರಿ ಇದೆ, ಗೇಮಿನಲ್ಲೂ 5080ಗಿಂತ ಒಂದು ಹೆಜ್ಜೆ ಮುಂದೆ. ಆದರೆ ನನ್ನ ಕ್ಯಾಮೆರಾ ಕೊಡುವುದು 10-ಬಿಟ್ 4:2:2 ಎಚ್‌.265 ಫೈಲು (ಬಣ್ಣದ ವಿವರ ಹೆಚ್ಚಿರುವ, ಒತ್ತಿ ಕಿರಿದು ಮಾಡಿದ ವಿಡಿಯೊ). ಅದನ್ನು ಹಾರ್ಡ್‌ವೇರಿನಲ್ಲೇ ಡಿಕೋಡ್ ಮಾಡುವ ಸೌಲಭ್ಯ ಎನ್‌ವಿಡಿಯಾ ಕಾರ್ಡುಗಳಿಗೆ ಬಂದದ್ದು 50ರ ಸರಣಿಯಲ್ಲಿ. ಅದಿಲ್ಲದಿದ್ದರೆ ಹೊರೆ ಪೂರ್ತಿ ಪ್ರೊಸೆಸರಿನ ಮೇಲೆ ಬೀಳುತ್ತದೆ, ಟೈಮ್‌ಲೈನ್ ಎಳೆದಾಗಲೆಲ್ಲ ತಡವರಿಸುತ್ತದೆ. ಇಲ್ಲಿಗೆ 4090 ಪಟ್ಟಿಯಿಂದ ಹೊರಗೆ ಹೋಯಿತು.

5080ಕ್ಕೆ 16 ಜಿಬಿ, 360 ವಾಟ್. 5090ಕ್ಕೆ 32 ಜಿಬಿ, 575 ವಾಟ್. ಮನೆಯಲ್ಲೇ ಭಾಷಾ ಮಾದರಿಗಳನ್ನು (ಚಾಟ್‌ಜಿಪಿಟಿಯಂಥ ಎಐ) ಓಡಿಸುವವರು 5090ರ ಕಡೆಗೇ ಹೋಗಬೇಕು. 32 ಬಿಲಿಯನ್ ಪ್ಯಾರಾಮೀಟರಿನ ಮಾದರಿಯನ್ನು 4-ಬಿಟ್‌ಗೆ ಇಳಿಸಿದರೂ ಸುಮಾರು 20 ಜಿಬಿ ಬೇಕು. ನನಗೆ ಆ ಕೆಲಸವಿಲ್ಲ. ಬ್ಲೆಂಡರಿನಲ್ಲಿ ಸೀನ್ 16 ಜಿಬಿ ಮೀರುವಂತಿದ್ದರೆ ದೂರದ ವಸ್ತುಗಳ ಟೆಕ್ಸ್‌ಚರನ್ನು 4ಕೆಯಿಂದ 2ಕೆಗೆ ಇಳಿಸುತ್ತೇನೆ, ಅವು ತಿನ್ನುವ ಮೆಮೊರಿ ಕಾಲು ಭಾಗಕ್ಕೆ ಇಳಿಯುತ್ತದೆ.

ಪವರ್ ಕನೆಕ್ಟರಿನ ಲೆಕ್ಕವೂ 5080 ಕಡೆಗೇ ವಾಲಿತು. ಎರಡೂ ಕಾರ್ಡಿಗೆ ಒಂದೇ 16 ಪಿನ್ನಿನ ಪ್ಲಗ್, ಅದರಲ್ಲಿ 12 ವೋಲ್ಟ್ ಸಾಗಿಸುವ ಪಿನ್ನುಗಳು ಆರು. 575 ವಾಟ್ ಅಂದರೆ 48 ಆಂಪ್ಸ್, ಪಿನ್ನಿಗೆ 8. ಒಂದು ಪಿನ್ನಿನ ತಾಳಿಕೆ 9.5 ಆಂಪ್ಸ್ ಆಸುಪಾಸು. ಒಂದೆರಡು ಪಿನ್ ಸರಿಯಾಗಿ ಕೂರದಿದ್ದರೆ ಉಳಿದವು ಮಿತಿ ದಾಟುತ್ತವೆ, ಪ್ಲಾಸ್ಟಿಕ್ ಕರಗುವುದು ಹೀಗೆಯೇ. 360 ವಾಟಿಗೆ ಪಿನ್ನಿಗೆ 5 ಆಂಪ್ಸ್ ಮಾತ್ರ. ಆದರೂ ಪ್ಲಗ್ಗನ್ನು ಅಂಚಿನ ಗೆರೆ ಪೂರ್ತಿ ಮುಚ್ಚುವವರೆಗೆ ಒತ್ತಿ, ಟಾರ್ಚ್ ಬಿಟ್ಟು ನೋಡಿದೆ. ಕೇಬಲ್ ಪ್ಲಗ್ಗಿನಿಂದ 35 ಮಿ.ಮೀ. ನೇರವಾಗಿ ಹೋದ ಮೇಲೆಯೇ ಬಾಗಬೇಕು. ಕ್ಯಾಬಿನೆಟ್ ಆರಿಸುವಾಗ ಎಲ್ಲರೂ ಕಾರ್ಡಿನ ಉದ್ದ ನೋಡುತ್ತಾರೆ, ಈ 35 ಮಿ.ಮೀ. ಮರೆಯುತ್ತಾರೆ. ಆಮೇಲೆ ಪಕ್ಕದ ಗಾಜು ಕೇಬಲನ್ನು ಅದುಮುತ್ತದೆ.

ಪ್ರೊಸೆಸರ್ ರೈಜನ್ 9 9950ಎಕ್ಸ್3ಡಿ. 16 ಕೋರ್, 32 ಥ್ರೆಡ್, 128 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಅತಿವೇಗದ ಮೆಮೊರಿ). ಬರೀ ಗೇಮ್ ಆಡುವವರಿಗೆ ಇದು ದಂಡ, 8 ಕೋರಿನ 9800ಎಕ್ಸ್3ಡಿ ಸಾಕು. 9950ಎಕ್ಸ್3ಡಿಯಲ್ಲಿ ಎಂಟೆಂಟು ಕೋರಿನ ಎರಡು ಗುಂಪುಗಳಿವೆ, ಹೆಚ್ಚುವರಿ ಕ್ಯಾಶ್ ಇರುವುದು ಒಂದಕ್ಕೆ ಮಾತ್ರ. ಗೇಮನ್ನು ಆ ಗುಂಪಿನ ಮೇಲೆ ಕೂರಿಸುವುದು ಎಎಂಡಿಯ ಚಿಪ್‌ಸೆಟ್ ಡ್ರೈವರ್ ಮತ್ತು ವಿಂಡೋಸಿನ ಗೇಮ್ ಬಾರ್ ಸೇರಿ. ಗೇಮ್ ಬಾರ್ ಬೇಡವೆಂದು ತೆಗೆದುಹಾಕಿದವರಿಗೆ ಇದರಿಂದಲೇ ಫ್ರೇಮ್ ಬೀಳುತ್ತದೆ.

ಇನ್ನು ರ್‍ಯಾಮ್. ಹೆಚ್ಚಿನವರು ಎಡವುವುದು ಇಲ್ಲಿ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇವೆ, ಈಗ ಎರಡು ಸ್ಟಿಕ್ ಹಾಕಿ, ಮುಂದೆ ಇನ್ನೆರಡು ಸೇರಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಡಿಡಿಆರ್5ನಲ್ಲಿ ಆ ಮಾತು ನಡೆಯುವುದಿಲ್ಲ. ಈ ಪ್ರೊಸೆಸರಿಗೆ ಎಎಂಡಿ ಹೇಳುವ ಅಧಿಕೃತ ವೇಗ ಎರಡು ಸ್ಟಿಕ್ಕಿಗೆ 5600 ಎಂಟಿ (ಸೆಕೆಂಡಿಗೆ ಅಷ್ಟು ಮಿಲಿಯನ್ ವರ್ಗಾವಣೆ), ನಾಲ್ಕು ಹಾಕಿದರೆ 3600. ಪ್ರತಿ ಚಾನೆಲ್ಲಿಗೆ ಎರಡು ಸ್ಟಿಕ್ ನೇತುಹಾಕಿದಾಗ ಸಿಗ್ನಲ್ ಕೆಡುತ್ತದೆ, ಮೆಮೊರಿ ಕಂಟ್ರೋಲರ್ ವೇಗ ಇಳಿಸದೆ ಬೇರೆ ದಾರಿಯಿಲ್ಲ. ಆದ್ದರಿಂದ ಬೇಕಾದಷ್ಟನ್ನೂ ಎರಡೇ ಸ್ಟಿಕ್ಕಿನಲ್ಲಿ, ಒಂದೇ ಕಿಟ್ಟಿನಲ್ಲಿ ತೆಗೆದುಕೊಂಡೆ: 48 ಜಿಬಿಯ ಎರಡು, ಒಟ್ಟು 96 ಜಿಬಿ, 6000 ಎಂಟಿ, ಸಿಎಲ್30 (ಉತ್ತರಿಸುವ ವಿಳಂಬದ ಅಳತೆ), ಎಕ್ಸ್‌ಪೋ (ಈ ವೇಗವನ್ನು ತಾನೇ ಹೊಂದಿಸುವ ಎಎಂಡಿ ಸೆಟ್ಟಿಂಗ್) ಇರುವುದು. 6000 ಕೂಡ ಅಧಿಕೃತ ಮಿತಿಗಿಂತ ಮೇಲೆಯೇ, ಆದರೆ ಈ ವೇದಿಕೆಗೆ ಚೆನ್ನಾಗಿ ಒಗ್ಗುವ ವೇಗ. ಅದರಾಚೆಗೆ 8000ಕ್ಕೆ ದುಡ್ಡು ಸುರಿದರೂ ಎಡಿಟಿಂಗಿನಲ್ಲಿ ಸಿಗುವುದು ಅಲ್ಪ. 2025ರ ಕೊನೆಯಿಂದ ರ್‍ಯಾಮ್ ಬೆಲೆ ವಿಪರೀತ ಏರಿದೆ. ಹಾಗಾಗಿ ಮೊದಲು ಅದರ ದರ ಕೇಳಿ, ಉಳಿದ ಬಜೆಟ್ಟನ್ನು ಅದಕ್ಕೆ ತಕ್ಕಂತೆ ಹೊಂದಿಸಿ.

ಮದರ್‌ಬೋರ್ಡ್ ಎಕ್ಸ್870ಇ ಚಿಪ್‌ಸೆಟ್ಟಿನದು. ಕೊಳ್ಳುವ ಮೊದಲೇ ಕಂಪನಿಯ ಜಾಲತಾಣದಿಂದ ಮ್ಯಾನುಯಲ್ ಇಳಿಸಿಕೊಂಡು, ಯಾವ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರಿಸುವ ಜಾಗ) ಯಾವುದರ ಜೊತೆ ಲೇನ್ (ಡೇಟಾ ಓಡುವ ದಾರಿ) ಹಂಚಿಕೊಳ್ಳುತ್ತದೆ ಎಂಬ ಪುಟ ಓದಿದೆ. ಈ ಚಿಪ್‌ಸೆಟ್ಟಿನ ಬೋರ್ಡುಗಳಿಗೆ ಯುಎಸ್‌ಬಿ4 ಕಡ್ಡಾಯ, ಅದು ನಾಲ್ಕು ಲೇನ್ ಕೇಳುತ್ತದೆ. ಹಲವು ಬೋರ್ಡುಗಳಲ್ಲಿ ಎರಡನೇ ಎಂ.2 ತುಂಬಿದರೆ ಗ್ರಾಫಿಕ್ಸ್ ಕಾರ್ಡ್ 16 ಲೇನಿನಿಂದ 8ಕ್ಕೆ ಇಳಿಯುತ್ತದೆ. ಪಿಸಿಐಇ (ಈ ಲೇನುಗಳ ಮಾನದಂಡ) 5.0ರ 8 ಲೇನ್ ಎಂದರೆ 4.0ರ 16 ಲೇನಿಗೆ ಸಮ, ಗೇಮಿನಲ್ಲಿ ಗೊತ್ತೂ ಆಗುವುದಿಲ್ಲ. ಆದರೂ ತಿಳಿಯದೆ ಇಳಿಯುವುದು ಬೇರೆ, ತಿಳಿದು ಇಳಿಸುವುದು ಬೇರೆ. ನಾನು 2 ಟಿಬಿ ಎಸ್‌ಎಸ್‌ಡಿಯನ್ನು ಪ್ರೊಸೆಸರಿಗೆ ನೇರ ಸೇರುವ ಮೊದಲ ಸ್ಲಾಟಿಗೂ, ಫೂಟೇಜಿನ 4 ಟಿಬಿಯನ್ನು ಚಿಪ್‌ಸೆಟ್ಟಿನ ಸ್ಲಾಟಿಗೂ ಹಾಕಿದೆ. ಎರಡೂ ಪಿಸಿಐಇ 4.0, ಎರಡೂ ಟಿಎಲ್‌ಸಿ (ಒಂದು ಕೋಶಕ್ಕೆ 3 ಬಿಟ್), ಡಿರ್‍ಯಾಮ್ ಇರುವವು. ಅಗ್ಗದ ಕ್ಯೂಎಲ್‌ಸಿ (ಕೋಶಕ್ಕೆ 4 ಬಿಟ್) ಡ್ರೈವಿಗೆ ಒಂದೇ ಸಲ ನೂರಾರು ಜಿಬಿ ಸುರಿದರೆ ಕ್ಯಾಶ್ ತುಂಬಿ ವೇಗ ನೆಲ ಕಚ್ಚುತ್ತದೆ.

ಈಗ ಗೋಡೆಯ ಕಡೆಗೆ. ಪ್ರೊಸೆಸರ್ ಪೂರ್ತಿ ಹೊರೆಯಲ್ಲಿ 200 ವಾಟ್, ಕಾರ್ಡ್ 360, ಉಳಿದದ್ದು 70–80: ಒಟ್ಟು 640. ಎಟಿಎಕ್ಸ್ 3.1 ಮಾನದಂಡದ 1000 ವಾಟ್ ಎಸ್‌ಎಂಪಿಎಸ್ ತೆಗೆದುಕೊಂಡೆ. ಕಾರ್ಡ್ ಕ್ಷಣಮಾತ್ರ ದುಪ್ಪಟ್ಟು ಎಳೆದರೂ ತಡೆದುಕೊಳ್ಳುತ್ತದೆ, ಅರ್ಧದಿಂದ ಮುಕ್ಕಾಲು ಹೊರೆಯಲ್ಲಿ ಫ್ಯಾನ್ ಸದ್ದೂ ಕಡಿಮೆ. ಬೆಸ್ಕಾಂ ಕರೆಂಟ್ ಹೋಗಿಬರುವುದು ಮಳೆಗಾಲದಲ್ಲಿ ಮಾಮೂಲು, ಯುಪಿಎಸ್ ಬೇಕೇ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್, ರೆಂಡರ್ ನಡುವೆ ಅದೇ ಟ್ರಿಪ್ ಆಗುತ್ತದೆ. ಮಾನಿಟರ್ ಸೇರಿ ಗೋಡೆಯಿಂದ ನನ್ನ ಲೆಕ್ಕ 760 ವಾಟ್. 1500 ವಿಎ, 900 ವಾಟ್, ಪ್ಯೂರ್ ಸೈನ್‌ವೇವ್ ತಂದೆ. ಮನೆಯ ಇನ್ವರ್ಟರಿಗೆ ಹಾಕಬೇಡಿ. ಎಸ್‌ಎಂಪಿಎಸ್ ತಾನಾಗಿ ತಡೆಯುವುದು 16–17 ಮಿಲಿಸೆಕೆಂಡ್ ಮಾತ್ರ, ಇನ್ವರ್ಟರ್ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡಬಹುದು.

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಇದ್ದರೆ ಅರ್ಥಿಂಗ್ ಮೊದಲು ಪರೀಕ್ಷಿಸಿ. ಕ್ಯಾಬಿನೆಟ್ ಮುಟ್ಟಿದಾಗ ಜುಂ ಎನ್ನುವುದು ಎಸ್‌ಎಂಪಿಎಸ್ ಕೆಟ್ಟದ್ದರಿಂದಲ್ಲ. ಅದರೊಳಗಿನ ಫಿಲ್ಟರ್ ಕೆಪಾಸಿಟರುಗಳು ಅರ್ಥಿಗೆ ಜೋಡಿಸಿರುತ್ತವೆ, ಅರ್ಥ್ ಇಲ್ಲದಿದ್ದಾಗ ಲೋಹದ ಮೈಮೇಲೆ 230ರ ಅರ್ಧದಷ್ಟು ವೋಲ್ಟೇಜ್ ತೇಲುತ್ತದೆ. ಎಲೆಕ್ಟ್ರಿಷಿಯನ್ ಮೀಟರಿನಲ್ಲಿ ನೋಡಿದಾಗ ಫೇಸ್–ನ್ಯೂಟ್ರಲ್ ಮತ್ತು ಫೇಸ್–ಅರ್ಥ್ ಹೆಚ್ಚುಕಡಿಮೆ ಒಂದೇ ಬರಬೇಕು, ನ್ಯೂಟ್ರಲ್–ಅರ್ಥ್ 2–3 ವೋಲ್ಟ್ ದಾಟಬಾರದು. ನಾನು ಮೇಜಿನ ಪಕ್ಕ 16 ಆಂಪ್ಸ್ ಪಾಯಿಂಟನ್ನೇ ಹಾಕಿಸಿದೆ.

ಕೂಲರ್ 360 ಮಿ.ಮೀ. ಲಿಕ್ವಿಡ್, ರೇಡಿಯೇಟರ್ ಮೇಲ್ಗಡೆ. ಒಳಗಿನ ಗಾಳಿಗುಳ್ಳೆ ಪಂಪಿನಲ್ಲಿ ಸೇರದೆ ಮೇಲೇರಬೇಕು, ಅದಕ್ಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಸಾಂದ್ರತೆ ಶೇ. 10ರಷ್ಟು ಕಡಿಮೆ, ಫ್ಯಾನು ಅಷ್ಟೇ ತಿರುಗಿದರೂ ಹೊತ್ತೊಯ್ಯುವ ಶಾಖ ತುಸು ಕಮ್ಮಿ. ಮುಂದೆ ಮೂರು ಫ್ಯಾನ್ ಒಳಕ್ಕೆ, ಎಲ್ಲಕ್ಕೂ ಜಾಲರಿ. ರಸ್ತೆ ಅಗೆತದ ಧೂಳಿಗೆ ಮೂರು ವಾರಕ್ಕೊಮ್ಮೆ ಜಾಲರಿ ತೊಳೆಯಬೇಕು.

ಕೊಂಡದ್ದು ಹೆಚ್ಚಿನದು ಬೆಂಗಳೂರಿನ ಕಂಪ್ಯೂಟರ್ ಭಾಗಗಳ ಪೇಟೆ ಎಸ್.ಪಿ. ರೋಡಿನಲ್ಲಿ. ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತವೆ. ಪಾರ್ಕಿಂಗ್ ಸಿಗದು, ಹೋಗುವಾಗ ಮೆಟ್ರೊ, ಬರುವಾಗ ಆಟೊ. ಪ್ರತಿ ಭಾಗದ ಸೀರಿಯಲ್ ನಂಬರ್ ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿ, ಡಬ್ಬದ ಮೇಲಿನದಕ್ಕೆ ತಾಳೆ ನೋಡಿ. ಬಿಲ್ಲಿಲ್ಲದೆ ಕಡಿಮೆಗೆ ಕೊಡುವ ಕಾರ್ಡಿಗೆ ಇಲ್ಲಿ ವಾರಂಟಿ ಸಿಗುವ ಭರವಸೆಯಿಲ್ಲ. ಅಂಗಡಿಯಲ್ಲೇ ಜೋಡಿಸಿಕೊಂಡರೆ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿಸಿ ಅದರ ಡಬ್ಬದಲ್ಲೇ ತನ್ನಿ. ನಮ್ಮ ರಸ್ತೆಯ ಹಂಪುಗಳಲ್ಲಿ ಅಷ್ಟು ಭಾರ ನೇತಾಡಿದರೆ ಸ್ಲಾಟ್ ಕಿತ್ತುಬರುತ್ತದೆ.

ಜೋಡಿಸುವಾಗ ಮೊದಲು ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್. ಬಯಾಸ್ ಫೈಲ್ ಇರುವ ಫ್ಯಾಟ್32 ಪೆನ್‌ಡ್ರೈವ್ ಸಿಕ್ಕಿಸಿ ಹಿಂಬದಿಯ ಫ್ಲ್ಯಾಶ್ ಗುಂಡಿ ಒತ್ತಿದರೆ ಸಾಕು, ಪ್ರೊಸೆಸರೂ ಬೇಕಿಲ್ಲ. ರ್‍ಯಾಮ್ ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೈನಿಂಗ್ (ಸ್ಟಿಕ್ಕುಗಳಿಗೆ ಬೋರ್ಡು ಹೊಂದಿಕೊಳ್ಳುವುದು) ನಡೆಯುತ್ತದೆ, 96 ಜಿಬಿಗೆ ಹಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡಿನ ಡಿರ್‍ಯಾಮ್ ದೀಪ ಉರಿಯುತ್ತಿರುತ್ತದೆ. ಕೆಟ್ಟಿತೆಂದು ಪವರ್ ತೆಗೆದರೆ ಮತ್ತೆ ಮೊದಲಿನಿಂದ. ಕಾಲು ಗಂಟೆ ಕಾಯಿರಿ.

ಎಕ್ಸ್‌ಪೋ ಆನ್ ಮಾಡಿದ ಮೇಲೆ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರಿನ ಮೆಮೊರಿ ಕಂಟ್ರೋಲರಿಗೆ ಹೋಗುವುದು) 1.3 ವೋಲ್ಟ್ ದಾಟಿಲ್ಲ ಎಂದು ನೋಡಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಿದೆ; ಒಂದು ರಾತ್ರಿಗೆ ಮುಗಿಯುವ ಕೆಲಸವಲ್ಲ. ಒಂದೇ ಒಂದು ಎರರ್ ಬಂದರೂ 5600ಕ್ಕೆ ಇಳಿಸಿ ಮತ್ತೆ ನೋಡಬೇಕು, ಅಲ್ಲೂ ಬಂದರೆ ಕಿಟ್ ವಾಪಸ್. ಕೊನೆಗೆ ಬ್ಲೆಂಡರ್ ರೆಂಡರ್ ರಾತ್ರಿಯಿಡೀ. ಅಂಗಡಿಯ ಬದಲಿ ಅವಧಿ ಮುಗಿಯುವುದರೊಳಗೆ ಇಷ್ಟೂ ಆಗಬೇಕು, ಅಲ್ಲಿಯವರೆಗೆ ಒಂದು ಡಬ್ಬವನ್ನೂ ಎಸೆಯಬೇಡಿ. ಬೇಸಿಗೆಯಲ್ಲಿ ಕೋಣೆ ಕಾಯುವಾಗ ಬಯಾಸಿನಲ್ಲಿ 105 ವಾಟ್ ಇಕೋ ಮೋಡ್ ಹಾಕುತ್ತೇನೆ: ಪ್ರೊಸೆಸರ್ 142 ವಾಟಿಗೆ ನಿಲ್ಲುತ್ತದೆ, ರೆಂಡರ್ ಸ್ವಲ್ಪ ನಿಧಾನ, ಗೇಮಿನಲ್ಲಿ ವ್ಯತ್ಯಾಸ ಕಾಣಲಿಲ್ಲ.