ಮೈಎಸ್‌ಕ್ಯೂಎಲ್ ತೆಗೆದ ಮೇಲೂ ವಿಂಡೋಸ್‌ನಲ್ಲಿ ಉಳಿದದ್ದನ್ನು ಗುಡಿಸುವುದು ಹೇಗೆ

ಕಂಟ್ರೋಲ್ ಪ್ಯಾನೆಲ್‌ನಿಂದ ಮೈಎಸ್‌ಕ್ಯೂಎಲ್ ಸರ್ವರ್ 8.0 ಎಂಬ ಡೇಟಾಬೇಸ್ ಸಾಫ್ಟ್‌ವೇರ್ ತೆಗೆದಿದ್ದೀರಿ, ಮತ್ತೆ ಹೊಸದಾಗಿ ಹಾಕಲು ಹೋದರೆ ಹಳೆಯ ರೂಟ್ (ಮುಖ್ಯ ಯೂಸರ್) ಪಾಸ್‌ವರ್ಡ್ ಕೊಡಿ ಅನ್ನುತ್ತದೆ. ಪಾಸ್‌ವರ್ಡ್ ಮರೆತಿದ್ದಕ್ಕೇ ಅಲ್ವಾ ತೆಗೆದು ಹಾಕಿದ್ದು! ಇದು ಸಾಫ್ಟ್‌ವೇರ್‌ನ ದೋಷ ಅಲ್ಲ, ಬೇಕಂತಲೇ ಹಾಗಿಟ್ಟಿದ್ದಾರೆ. ಅನ್‌ಇನ್‌ಸ್ಟಾಲ್ ಮಾಡಿದಾಗ ಹೋಗುವುದು ಪ್ರೋಗ್ರಾಂ ಮಾತ್ರ, ಡೇಟಾ ಫೋಲ್ಡರ್ ಇದ್ದಲ್ಲೇ ಇರುತ್ತದೆ, ಯೂಸರ್‌ಗಳೂ ಪಾಸ್‌ವರ್ಡ್‌ಗಳೂ ಅದರೊಳಗೇ ಇರುತ್ತವೆ. ಯಾರೋ ತಪ್ಪಿ ಅನ್‌ಇನ್‌ಸ್ಟಾಲ್ ಒತ್ತಿದರೆ ಅಂಗಡಿಯ ಮೂರು ವರ್ಷದ ಬಿಲ್ಲುಗಳೆಲ್ಲ ಹೋಗಬಾರದು ನೋಡಿ.

ಹಾಗಾಗಿ ಮೊದಲ ಕೆಲಸ ಬ್ಯಾಕಪ್. ಸರ್ವರ್ ಇನ್ನೂ ಓಡುತ್ತಿದ್ದರೆ ಮೈಎಸ್‌ಕ್ಯೂಎಲ್‌ಡಂಪ್ ಎಂಬ ಬ್ಯಾಕಪ್ ಕಮಾಂಡ್‌ನಿಂದ ಡಂಪ್, ಅಂದರೆ ಡೇಟಾದ ಪ್ರತಿ ಇರುವ ಫೈಲ್, ತೆಗೆದಿಡಿ. ಇಲ್ಲೊಂದು ಕಿತಾಪತಿ ಇದೆ. ವಿಂಡೋಸ್ ಪವರ್‌ಶೆಲ್‌ನಲ್ಲಿ ಬಾಣದ ಗುರುತು (>) ಹಾಕಿ ಫೈಲ್‌ಗೆ ಕಳಿಸಿದರೆ ಅದು ಯುಟಿಎಫ್-16 ಎಂಬ ಅಕ್ಷರ ಸಂಕೇತದಲ್ಲಿ ಬರೆಯುತ್ತದೆ, ಆ ಫೈಲನ್ನು ಮೈಎಸ್‌ಕ್ಯೂಎಲ್ ಸರಿಯಾಗಿ ವಾಪಸ್ ಓದುವುದಿಲ್ಲ, ಟೇಬಲ್‌ಗಳಲ್ಲಿ ಕನ್ನಡ ಹೆಸರು, ವಿಳಾಸ ಇದ್ದರೆ ಅಕ್ಷರ ಕೆಡುವ ಭಯವೂ ಇದೆ. ಬಾಣ ಬಿಟ್ಟು ರಿಸಲ್ಟ್-ಫೈಲ್ ಅನ್ನುವ ಆಯ್ಕೆ ಬಳಸಿ. ಸರ್ವರ್ ಆಗಲೇ ತೆಗೆದಾಗಿದೆಯೇ? ಹಾಗಾದರೆ ಡೇಟಾ ಫೋಲ್ಡರನ್ನು (ಎಲ್ಲಿದೆ ಎಂದು ಕೆಳಗೆ ಹೇಳಿದೆ) ಇಡಿಯಾಗಿ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ನಿಮ್ಮ ಟೇಬಲ್‌ಗಳ ಐಬಿಡಿ ಫೈಲುಗಳನ್ನಷ್ಟೇ ಆರಿಸಿಕೊಂಡರೆ ಸಾಲದು, ಎಲ್ಲ ಟೇಬಲ್‌ಗಳಿಗೂ ಸಾಮಾನ್ಯವಾದ ಐಬಿಡೇಟಾ1 ಫೈಲ್ ಸೇರಿ ಎಲ್ಲವೂ ಬೇಕು.

ಈಗ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ತಾನಾಗಿ ಓಡುವ ಪ್ರೋಗ್ರಾಂ. ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ಎಂದು ಹುಡುಕಿ ತೆರೆಯಿರಿ. 8.0 ಆಗಿದ್ದರೆ ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್80 ಎಂಬ ಹೆಸರಿರುತ್ತದೆ. ಅನ್‌ಇನ್‌ಸ್ಟಾಲ್ ಆದ ಮೇಲೂ ಅದು ಪಟ್ಟಿಯಲ್ಲಿದ್ದರೆ ಮೊದಲು ಸ್ಟಾಪ್ ಮಾಡಿ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಸಿ, ಜಾಗ ಬಿಟ್ಟು ಡಿಲೀಟ್, ಮತ್ತೆ ಜಾಗ ಬಿಟ್ಟು ಸರ್ವಿಸ್ ಹೆಸರು, ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಇದನ್ನೇ ವಿಂಡೋಸ್ ಪವರ್‌ಶೆಲ್‌ನಲ್ಲಿ ಮಾಡಬೇಡಿ, ಅಲ್ಲಿ ಎಸ್‌ಸಿ ಅಂದರೆ ಫೈಲ್‌ನಲ್ಲಿ ಬರೆಯುವ ಬೇರೆಯೇ ಕಮಾಂಡ್. ಸರ್ವಿಸ್ ಹೋಗಿರುವುದಿಲ್ಲ, ಸುಮ್ನೆ ಡಿಲೀಟ್ ಅನ್ನುವ ಹೆಸರಿನ ಒಂದು ಫೈಲ್ ಹುಟ್ಟಿರುತ್ತದೆ. ಇನ್ನು ಡಿಲೀಟ್ ಮಾಡುವಾಗ 1072 ಎಂಬ ಎರರ್ ಬಂದರೆ ಗಾಬರಿ ಬೇಡ, ಅಳಿಸಲು ಗುರುತು ಹಾಕಿ ಆಗಿದೆ ಎಂದಷ್ಟೇ ಅದರ ಅರ್ಥ. ಹೆಚ್ಚಾಗಿ ಸರ್ವಿಸಸ್ ವಿಂಡೋ ಹಿಂದೆಲ್ಲೋ ತೆರೆದೇ ಇರುತ್ತದೆ. ಅದನ್ನು ಮುಚ್ಚಿದರೆ ಹೋಗುತ್ತದೆ, ಇಲ್ಲವಾದರೆ ರೀಸ್ಟಾರ್ಟ್ ಮಾಡಿ.

ಮುಂದೆ ಫೋಲ್ಡರ್‌ಗಳು. ಪ್ರೋಗ್ರಾಂ ಫೈಲ್ಸ್‌ನಲ್ಲಿ ಮೈಎಸ್‌ಕ್ಯೂಎಲ್ ಫೋಲ್ಡರ್ ಉಳಿದಿದ್ದರೆ ತೆಗೆಯಿರಿ, ಅದೇನೂ ದೊಡ್ಡ ವಿಷಯವಲ್ಲ. ಆದರೆ ವರ್ಕ್‌ಬೆಂಚ್ (ಡೇಟಾಬೇಸ್ ನೋಡಲು, ತಿದ್ದಲು ಬಳಸುವ ಪ್ರೋಗ್ರಾಂ) ಇನ್ನೂ ಬೇಕು ಅನ್ನುವವರು ಅದರ ಉಪಫೋಲ್ಡರ್ ಮುಟ್ಟಬೇಡಿ. ನಿಜವಾದ ಸರಕು ಇರುವುದು ಸಿ ಡ್ರೈವ್‌ನ ಪ್ರೋಗ್ರಾಂಡೇಟಾದಲ್ಲಿ. ಇದು ಹಿಡನ್ ಫೋಲ್ಡರ್, ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡದೆ ಕಾಣುವುದಿಲ್ಲ, ಎಷ್ಟೋ ಜನ ಎಲ್ಲ ತೆಗೆದೆ ಅಂದುಕೊಂಡು ಇದನ್ನೇ ಬಿಟ್ಟಿರುತ್ತಾರೆ. ಅದರೊಳಗೆ ಮೈಎಸ್‌ಕ್ಯೂಎಲ್, ಅದರೊಳಗೆ ಮೈಎಸ್‌ಕ್ಯೂಎಲ್ ಸರ್ವರ್ 8.0, ಅದರೊಳಗೆ ಡೇಟಾ ಮತ್ತು ಮೈ ಡಾಟ್ ಐಎನ್‌ಐ ಎಂಬ ಸೆಟ್ಟಿಂಗ್ ಫೈಲ್. ಬ್ಯಾಕಪ್ ಕೈಲಿದೆ ಎಂದು ಇನ್ನೊಮ್ಮೆ ನೋಡಿಕೊಂಡು ಆ 8.0 ಫೋಲ್ಡರನ್ನು ಅಳಿಸಿ. ಬಳಕೆಯಲ್ಲಿದೆ ಎಂದು ಹಟ ಹಿಡಿದರೆ ಸರ್ವಿಸ್ ಇನ್ನೂ ನಿಂತಿಲ್ಲ ಅಂತಲೇ ಲೆಕ್ಕ.

ಮೈಎಸ್‌ಕ್ಯೂಎಲ್ ಸಂಪರ್ಕಕ್ಕೆ ಬಳಸುವ ಪೋರ್ಟ್ 3306 ಖಾಲಿಯಾಗಿದೆಯೇ ನೋಡಿ. ನೆಟ್‌ಸ್ಟಾಟ್ ಕಮಾಂಡ್‌ಗೆ ಎ, ಎನ್, ಒ ಆಯ್ಕೆ ಕೊಟ್ಟರೆ ಯಾವ ಪೋರ್ಟನ್ನು ಯಾವ ಪ್ರೋಸೆಸ್ ಹಿಡಿದಿದೆ ಎಂದು ನಂಬರ್ ಸಮೇತ ಬರುತ್ತದೆ, ಆ ನಂಬರನ್ನು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಹುಡುಕಿ. ಕಾಲೇಜು ಪ್ರಾಜೆಕ್ಟಿಗೆ ಕ್ಸಾಂಪ್ (ವೆಬ್ ಸರ್ವರ್, ಡೇಟಾಬೇಸ್ ಒಟ್ಟಿಗೆ ಬರುವ ಪ್ಯಾಕೇಜ್) ಹಾಕಿಕೊಂಡವರು ಇಲ್ಲಿ ಹುಷಾರು. ಅದರ ಜೊತೆ ಬರುವ ಮರಿಯಾಡಿಬಿ ಎಂಬ ಡೇಟಾಬೇಸೂ ಅದೇ 3306 ಬಳಸುತ್ತದೆ, ಪ್ರೋಸೆಸ್ ಹೆಸರೂ ಮೈಎಸ್‌ಕ್ಯೂಎಲ್‌ಡಿ ಎಂದೇ ಇರುತ್ತದೆ. ಹೆಸರು ನೋಡಿ ಕೊಲ್ಲಬೇಡಿ, ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಕೊಟ್ಟು ಯಾವ ಫೋಲ್ಡರಿನದು ಎಂದು ನೋಡಿ.

ಸಣ್ಣಪುಟ್ಟವು ಇನ್ನೂ ಇವೆ. ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ನ ಪಾತ್‌ನಲ್ಲಿ (ವಿಂಡೋಸ್ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಹಳೆಯ ಬಿನ್ ಫೋಲ್ಡರಿನ ಸಾಲಿದ್ದರೆ ಆ ಸಾಲು ಮಾತ್ರ ತೆಗೆಯಿರಿ. ಫೈರ್‌ವಾಲ್‌ನ ಇನ್‌ಬೌಂಡ್ ರೂಲ್ಸ್‌ನಲ್ಲಿ 3306, 33060 ಪೋರ್ಟ್‌ಗಳಿಗೆ ತೆರೆದ ಬಾಗಿಲು ಹಾಗೇ ಉಳಿದಿರಬಹುದು, ಬೇರೆ ಯಾವುದೂ ಅದನ್ನು ಬಳಸುತ್ತಿಲ್ಲವಾದರೆ ಮುಚ್ಚಿ. ಮೈಎಸ್‌ಕ್ಯೂಎಲ್ ಇನ್‌ಸ್ಟಾಲರ್ ಎಂಬುದು ಬೇರೆಯೇ ಪ್ರೋಗ್ರಾಂ, ಸರ್ವರ್ ಹೋದರೂ ಅದು ಇರುತ್ತದೆ. ಆಗಾಗ ಕಪ್ಪು ವಿಂಡೋ ಒಂದು ಮಿಂಚಿ ಮಾಯವಾಗುತ್ತಿದ್ದರೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಮೈಎಸ್‌ಕ್ಯೂಎಲ್ ಫೋಲ್ಡರ್ ಬಿಡಿಸಿ ನೋಡಿ, ಇನ್‌ಸ್ಟಾಲರ್‌ನ ಮ್ಯಾನಿಫೆಸ್ಟ್ ಅಪ್‌ಡೇಟ್ ಕೆಲಸ ಅಲ್ಲಿ ಕುಳಿತಿರುತ್ತದೆ. ಮುಂದಿನ ಆವೃತ್ತಿಯಾದ 8.4ಕ್ಕೆ ಹೋಗುವವರಿಗೆ ಆ ಇನ್‌ಸ್ಟಾಲರ್ ಬೇಕಾಗಿಯೂ ಇಲ್ಲ, ಅದು 8.0ರವರೆಗಿನ ಸರ್ವರ್‌ಗಳಿಗೆ ಮಾತ್ರ.

ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗದ ಬಗ್ಗೆ ಕೇಳುವವರು ಜಾಸ್ತಿ. ಎಸ್‌ಸಿ ಡಿಲೀಟ್ ಕೊಟ್ಟರೆ ಸರ್ವಿಸ್‌ನ ಕೀ ತಾನಾಗಿಯೇ ಹೋಗುತ್ತದೆ. ಉಳಿದ ಒಂದೆರಡು ಕೀಗಳು ಇದ್ದರೂ ನಷ್ಟವಿಲ್ಲ, ಅದಕ್ಕೋಸ್ಕರ ಕ್ಲೀನರ್ ಸಾಫ್ಟ್‌ವೇರ್ ಹಾಕಿಕೊಳ್ಳಲು ಹೋಗಬೇಡಿ.