ಮನೆ ಕಾರ್ಯದ ಫೋಟೋಗೆ ಯಾವ ಪ್ರೈಮ್ (ಜೂಮ್ ಆಗದ) ಲೆನ್ಸ್ ತಗೋಬೇಕು?

ಕೊಪ್ಪಳದ ನಮ್ಮ ಮನೆಯಲ್ಲಿ ತಂಗಿಯ ಕುಬುಸದ (ಸೀಮಂತದ) ದಿನ 85 ಎಂಎಂ ಲೆನ್ಸ್ ಹಾಕಿಕೊಂಡು ನಿಂತಿದ್ದೆ. ಪಡಸಾಲೆಯ ಗೋಡೆಗೆ ಬೆನ್ನು ತಾಗಿದರೂ ಅವಳ ಮುಖ, ಉಡಿ ತುಂಬುವ ಅವ್ವನ ಕೈ ಎರಡೂ ಒಂದೇ ಫ್ರೇಮಿಗೆ ಬರಲಿಲ್ಲ.

ಅದಕ್ಕೇ ಹೇಳೋದು, ಮೊದಲು ಜಾಗ ನೋಡಿ. ಆಮೇಲೆ ಸೆನ್ಸರ್, ಅಂದ್ರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಭಾಗ. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಇರುವ ನಿಕಾನ್, ಸೋನಿ ಕ್ಯಾಮೆರಾಗಳಲ್ಲಿ 50 ಎಂಎಂ ಲೆನ್ಸ್, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದ 75ರ ಹಾಗೆ, ಕ್ಯಾನನ್‌ನಲ್ಲಿ 80ರ ಹಾಗೆ ನೋಟ ಕೊಡುತ್ತದೆ. ಒಬ್ಬರ ಮುಖ ತೆಗೆಯಲು ಇದು ಬಹಳ ಚೆಂದ. ಇಕ್ಕಟ್ಟಾದ ಕೋಣೆ, ಮೂರು ನಾಲ್ಕು ಜನ ಅಂದ್ರೆ 35 ಬೇಕು, ಆದರೆ ಅದರಲ್ಲಿ ಮುಖದ ತೀರಾ ಹತ್ತಿರ ಹೋಗಬೇಡಿ, ಮೂಗು ದೊಡ್ಡದಾಗಿ ಕಾಣುತ್ತದೆ. 85 ಅಂಗಳಕ್ಕೆ, ಪೆಂಡಾಲಿಗೆ ಇರಲಿ.

ಗೊಂದಲ ಇದ್ರೆ ಕ್ಯಾಮೆರಾ ಜೊತೆ ಬಂದ ನಿಮ್ಮ 18-55 ಕಿಟ್ ಲೆನ್ಸನ್ನು ಒಂದಿಡೀ ಕಾರ್ಯದಲ್ಲಿ 35ಕ್ಕೇ ಇಟ್ಟು ತೆಗೆಯಿರಿ, ಇನ್ನೊಂದರಲ್ಲಿ 50ಕ್ಕೆ. ಯಾವುದು ಕೈಗೆ ಹತ್ತುತ್ತೆ ಅಂತ ನಿಮಗೇ ಗೊತ್ತಾಗುತ್ತದೆ, ಖರ್ಚೂ ಇಲ್ಲ.

ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೆ ಅಂತ ಹೇಳುವ ಎಫ್ ಸಂಖ್ಯೆ 1.8 ಇದ್ರೆ ಸಾಕು, ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ಅಗಲ. 1.4ಕ್ಕೆ ಜಾಸ್ತಿ ದುಡ್ಡು ಸುಮ್ನೆ ಸುರಿಯಬೇಡಿ. ತೊಟ್ಟಿಲ ಕೂಸಿನ ಮುಖವನ್ನು ಹತ್ತಿರದಿಂದ 1.8ರಲ್ಲೇ ತೆಗೆದರೆ ಒಂದು ಕಣ್ಣು ಚೂಪಾಗಿ ಇನ್ನೊಂದು ಮಸುಕಾಗಬಹುದು, ಹಾಗಾಗಿ 2.8ಕ್ಕೆ ತನ್ನಿ, ಅಜ್ಜಿ ಮೊಮ್ಮಕ್ಕಳು ಸಾಲಾಗಿ ಕೂತಿದ್ದರೆ 4 ಅಥವಾ 5.6. ಫೋಕಸ್ ಯಾವಾಗಲೂ ಹತ್ತಿರದ ಕಣ್ಣಿನ ಮೇಲೆ.